ಎಡಗೈ ಮಚ್ಚು

ಯಜಮಾನ ಓರಿನ್ ಟ್ರಾಸ್ಕ್ ಅವರು ಗ್ಯಾರೆಟ್ ಲೇನ್ ಬರೆದ ಕಾಗದವನ್ನು ಕಚೇರಿಯ ನಡುವೆ ನಿಂತು ಗಟ್ಟಿಯಾಗಿ ಓದುತ್ತಿದ್ದರು. ಎಲಾಮ್ ಪೆಕ್ ತನ್ನ ಎತ್ತರದ ಮೇಜಿನ ಹಿಂದೆ ಕೂತು ಲೇಖನಿಯ ಮೊನೆ ಒರೆಸುತ್ತಿದ್ದ. ಮೊನೆ ಆಗಲೇ ಸ್ವಚ್ಛವಾಗಿತ್ತು.

“ಕೇಳಿ ಇದನ್ನ,” ಎಂದರು ಟ್ರಾಸ್ಕ್. “‘ತಮ್ಮ ಕಬ್ಬು ನಮ್ಮ ಉಕ್ಕಿಗಾಗಿ ಒಂದು ದಿನವೂ ಕಾಯಬೇಕಾಗಿಲ್ಲ. ನಮ್ಮ ಉಕ್ಕೇ ತಮ್ಮ ಬಂದರಿನಲ್ಲಿ ಕಬ್ಬಿಗಾಗಿ ಕಾಯುತ್ತಿರುತ್ತದೆ.’ ಹೀಗೆ ಬರೀಬೇಕು. ಓದ್ದೋನಿಗೆ ಮಚ್ಚು ಕೈಗೇ ಬಂದ ಹಾಗೆ ಆಗುತ್ತೆ.”

“ಸ್ಪ್ಯಾನಿಷ್‌ನಲ್ಲಿ ಇನ್ನೂ ಚೆನ್ನಾಗಿದೆ ಯಜಮಾನ್ರೇ,” ಎಂದ ಲೇನ್ ನಗುತ್ತ. “ಇಂಗ್ಲಿಷ್‌ಗೆ ಇಳಿಸೋವಾಗ ಅರ್ಧ ರುಚಿ ಹೋಯ್ತು.”

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಎಲಾಮ್ ಕೂಡ ತುಟಿ ಅಗಲಿಸಿದ. ಕನೆಕ್ಟಿಕಟ್‌ನ ಆ ಕಣಿವೆಯಲ್ಲಿ ಟ್ರಾಸ್ಕ್ ಕಾರ್ಖಾನೆಯ ಕೊಡಲಿಗಳು ಹೆಸರು ಮಾಡಿದ್ದವು. ಆ ಹೆಸರನ್ನು ಊರೂರಿಗೆ ಮುಟ್ಟಿಸಿದ್ದು ಎಲಾಮ್‌ನ ಕೈಬರಹ. ‘ತಮ್ಮ ಇದೇ ತಿಂಗಳ ಕೃಪಾಪತ್ರ ಕೈಸೇರಿತು, ವಿಷಯ ತಿಳಿಯಿತು’ ಎಂದು ಶುರುಮಾಡಿ, ಬೆಲೆ, ತೂಕ, ಹಡಗಿನ ಹೆಸರು ಬರೆದು, ‘ತಮ್ಮ ವಿಧೇಯ’ ಎಂದು ಮುಗಿಸಿದರೆ ಅದರಲ್ಲಿ ಒಂದು ತಪ್ಪನ್ನೂ ಯಾರೂ ಹುಡುಕಲಾರದೆ ಹೋಗಿದ್ದರು. ಆದರೆ ಇಷ್ಟು ವರ್ಷಗಳಲ್ಲಿ ಅವನ ಒಂದೇ ಒಂದು ಕಾಗದವನ್ನು ಯಾರೂ ಎದ್ದುನಿಂತು ಓದಿರಲಿಲ್ಲ. ಲೇನ್ ನ್ಯೂಯಾರ್ಕಿನ ಒಂದು ದಲ್ಲಾಳಿ ಮಂಡಿಯಿಂದ ಇಲ್ಲಿಗೆ ಬಂದದ್ದು ಈ ವಸಂತದಲ್ಲಿ. ವಯಸ್ಸು ಇಪ್ಪತ್ತಾರೋ ಏಳೋ. ಅವನ ಅಂಗಿಯ ಕೈಪಟ್ಟಿಗೆ ಮಸಿ ತಾಗಿದ್ದನ್ನು ಎಲಾಮ್ ನೋಡಿಯೇ ಇರಲಿಲ್ಲ.

ಟ್ರಾಸ್ಕ್ ಕಾಗದ ಮಡಚಿದರು. “ಕ್ಯೂಬಾದ ಈ ಮಚ್ಚಿನ ವ್ಯಾಪಾರ ಕುದುರಿದರೆ ಮಟಾನ್ಸಸ್ ಬಂದರಿನಲ್ಲಿ ನಮ್ಮದೇ ಏಜೆಂಟ್ ಒಬ್ಬನನ್ನ ಕೂರಿಸ್ಬೇಕು. ಲಾಭದಲ್ಲಿ ಪಾಲು ಕೊಟ್ಟು. ಬರೋ ವಸಂತಕ್ಕೆ ಯಾರು ಅಂತ ಹೇಳ್ತೀನಿ.”

ಹೇಳುವಾಗ ಅವರು ಯಾರ ಕಡೆಗೂ ನೋಡಲಿಲ್ಲ. ಎಲಾಮ್ ಮಾತ್ರ ಅವರನ್ನೇ ನೋಡುತ್ತಿದ್ದ. ಆ ಜಾಗ ತನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಎರಡು ವರ್ಷಗಳ ಹಿಂದೆಯೇ ಹಾರ್ಟ್‌ಫರ್ಡಿನಿಂದ ಅಂಚೆಯಲ್ಲಿ ಒಂದು ಸ್ಪ್ಯಾನಿಷ್ ವ್ಯಾಕರಣ ತರಿಸಿ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದ. ನಲವತ್ತನಾಲ್ಕನೇ ವಯಸ್ಸಿನ ತನಕ ಅವನು ಬರೆದ ಕಾಗದಗಳು ಸಮುದ್ರ ದಾಟಿದ್ದವು. ಅವನು ಮಾತ್ರ ಸಮುದ್ರವನ್ನು ಒಂದೇ ಸಲ, ಅದೂ ದಡದಿಂದ, ನೋಡಿದ್ದ.

ಆ ಸಂಜೆ ಊಟಕ್ಕೆ ಕೂತಾಗ ಅಕ್ಕ ಕೆಜಾಯಾ ಬಟ್ಟಲನ್ನು ಅವನ ಮುಂದೆ ತಳ್ಳಿದಳು. ಮದುವೆಯಾಗದ ಅಕ್ಕ, ಮದುವೆಯಾಗದ ತಮ್ಮ. ತಂದೆ ಕಟ್ಟಿದ ಮನೆ. ಕೆಜಾಯಾ ಗುಲಾಮಗಿರಿ ವಿರೋಧಿಸುವ ಹೆಂಗಸರ ಸಂಘಕ್ಕೆ ಸೇರಿದವಳು. ಗುಲಾಮರು ಬೆಳೆದ ಸಕ್ಕರೆ ಮನೆಯೊಳಗೆ ಬರಕೂಡದೆಂದು ಚಹಾಕ್ಕೂ ಮೇಪಲ್ ಮರದ ಬೆಲ್ಲವನ್ನೇ ಹಾಕುತ್ತಿದ್ದಳು.

“ನಿಮ್ಮ ಲೇನ್ ಇವತ್ತು ಏನು ಮಾಡ್ದ?” ಎಂದಳು.

“ಅವನ ಮಾತು ನಾನೆಲ್ಲಿ ಎತ್ತಿದೆ?”

“ಎತ್ತಿಲ್ಲ. ಅದಕ್ಕೇ ಕೇಳ್ದೆ. ದಿನಾ ಬಂದ ಕೂಡ್ಲೇ ಅವನ ಕ್ರಾಪು, ಅವನ ಬೂಟು, ಅವನು ಕೆಮ್ಮಿದ್ದು ಎಲ್ಲ ವರದಿಯಾಗ್ತಿತ್ತು. ಇವತ್ತು ಸುಮ್ಮನಿದೀಯ ಅಂದ್ರೆ ಏನೋ ದೊಡ್ಡದೇ ಆಗಿರ್ಬೇಕು.”

“ಕ್ಯೂಬಾದವರಿಗೆ ಒಂದು ಕಾಗದ ಬರೆದ. ಯಜಮಾನರು ಕುಣಿದಾಡಿದ್ರು.”

“ಕಬ್ಬು ಕಡಿಯೋ ಮಚ್ಚಿಗಾ?” ಕೆಜಾಯಾ ಬ್ರೆಡ್ ಮುರಿಯುತ್ತ ಕೇಳಿದಳು. “ಅದನ್ನ ಹಿಡಿಯೋ ಕೈ ಯಾರದು ಅಂತ ಅದರಲ್ಲಿ ಬರೆದಿದ್ನಾ?”

“ಅಕ್ಕಾ, ನಾವು ಕಬ್ಬಿಣ ಮಾರೋರು.”

“ಹೂಂ. ತಿನ್ನು. ಹಾಸಿಗೆ ಕೆಳಗಿನ ಪುಸ್ತಕದ ಧೂಳು ಒರೆಸಿಟ್ಟಿದೀನಿ. ಹದಿನೈದನೇ ಪಾಠದಿಂದ ಮುಂದಕ್ಕೆ ಹಾಳೆ ಬಿಡಿಸೇ ಇಲ್ಲ ನೀನು.”

ಎಲಾಮ್‌ನ ಕಿವಿ ಕೆಂಪಾಯಿತು. ಅವಳಿಗೆ ಗೊತ್ತಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಲೇನ್‌ನ ಕಾಗದ ಕೆಲಸ ಮಾಡಿತು. ಸೆಪ್ಟೆಂಬರ್ ಮೊದಲಲ್ಲೇ ಮಟಾನ್ಸಸ್‌ನಿಂದ ಡಾನ್ ಇಗ್ನಾಸಿಯೊ ಬಾರೆರಾ ಎಂಬ ತೋಟಗಾರನ ಉತ್ತರ ಬಂತು. ತನ್ನ ತೋಟಗಳಿಗೂ ಸುತ್ತಲಿನವರ ತೋಟಗಳಿಗೂ ಸೇರಿಸಿ ಮಚ್ಚು ಬೇಕು. ಆದರೆ ಡಿಸೆಂಬರಿನಲ್ಲಿ ಕಟಾವು ಶುರುವಾಗುವ ಮೊದಲೇ ಬರಬೇಕು. ಮಾದರಿ ಕಳಿಸಿ ಒಪ್ಪಿಗೆ ಪಡೆಯುವಷ್ಟು ಸಮಯವಿರಲಿಲ್ಲ. ಜತೆಗೆ, ಆ ಕಡೆಯವರ ರೂಢಿಯಂತೆ, ಒಂದು ಮಚ್ಚನ್ನು ದಪ್ಪ ಹಾಳೆಯ ಮೇಲಿಟ್ಟು ಸುತ್ತ ಸೀಸದ ಕಡ್ಡಿಯಲ್ಲಿ ಗೆರೆ ಎಳೆದ ನಕ್ಷೆ ಇತ್ತು. ಒಂದು ಊರಿನ ಮಚ್ಚು ಪಕ್ಕದ ಊರಿನವರ ಕೈಗೆ ಒಗ್ಗುವುದಿಲ್ಲ. ಅಗಲ, ಬಾಗು, ಬೆನ್ನಿನ ಕೊಕ್ಕೆ ಎಲ್ಲವೂ ಬೇರೆ. ಈ ಮಚ್ಚಿಗೆ ಒಂದೇ ಮಗ್ಗುಲಿಗೆ ಸಾಣೆ. ಇನ್ನೊಂದು ಮಗ್ಗುಲು ಚಪ್ಪಟೆ. ಬಲಗೈಯಲ್ಲಿ ಬೀಸಿ ಕಬ್ಬನ್ನು ಬುಡಕ್ಕೇ ಕಡಿಯಲು ಹಾಗೆ. ಯಾವ ಮಗ್ಗುಲಿಗೆ ಸಾಣೆ ಎನ್ನುವುದನ್ನು ಅಲಗಿನ ಉದ್ದಕ್ಕೂ ಸಣ್ಣ ಗೆರೆಗಳಿಂದ ತೋರಿಸಿದ್ದರು.

ಕಾರ್ಖಾನೆಯ ಪದ್ಧತಿ ಹೀಗಿತ್ತು. ಬಂದ ನಕ್ಷೆಯನ್ನು ಪ್ರತಿ ಎತ್ತುವ ಮಸಿಯಲ್ಲಿ ಹೊಸ ಹಾಳೆಯ ಮೇಲೆ ತಿದ್ದಿ ಬರೆಯಬೇಕು. ಅದರ ಮೇಲೆ ಒದ್ದೆ ಮಾಡಿದ ತೆಳು ಕಾಗದ ಹಾಸಿ ಕಬ್ಬಿಣದ ಒತ್ತುಯಂತ್ರದಲ್ಲಿಟ್ಟು ತಿರುಪು ಬಿಗಿಯಬೇಕು. ಮಸಿಯ ಒಂದಂಶ ತೆಳು ಕಾಗದಕ್ಕೆ ಏರುತ್ತದೆ. ಮಸಿಯ ನಕ್ಷೆ, ಬಂದ ನಕ್ಷೆ ಎರಡೂ ಉತ್ತರದ ಜತೆ ಗಿರಾಕಿಗೆ ಹೋಗುತ್ತವೆ. ತೆಳು ಕಾಗದ ಮಾದರಿ ಮಾಡುವ ಬಡಗಿಗೆ. ಹೊರಹೋಗುವ ಕಾಗದಗಳ ಪ್ರತಿಯನ್ನೂ ಹೀಗೆಯೇ ಎತ್ತುತ್ತಿದ್ದರು. ಮಸಿ ಹತ್ತಿದ ಮಗ್ಗುಲಲ್ಲಿ ಎಲ್ಲವೂ ಕನ್ನಡಿಯೊಳಗಿನ ಹಾಗೆ ಅದಲು ಬದಲಾಗಿರುತ್ತದೆ. ಕಾಗದ ತೆಳುವಾದ್ದರಿಂದ ಹಿಂಬದಿಯಿಂದ ನೋಡಿದರೆ ಸರಿಯಾಗಿ ಕಾಣುತ್ತದೆ.

ಆ ಒತ್ತುಯಂತ್ರ ಎಲಾಮ್‌ನ ಸುಪರ್ದಿಯಲ್ಲಿತ್ತು. ಕಾಗದ ಎಷ್ಟು ಒದ್ದೆಯಾಗಬೇಕು ಎನ್ನುವುದು ಅವನ ಬೆರಳಿಗೇ ಗೊತ್ತಿತ್ತು.

“ಕೊಡಿ, ನಾನು ಒತ್ತಿ ಕೊಡ್ತೀನಿ,” ಎಂದ ಅವನು, ಲೇನ್ ನಕ್ಷೆ ತಿದ್ದಿ ಮುಗಿಸಿದಾಗ. ಮನಸ್ಸಿಲ್ಲದಿದ್ದರೂ ಕೇಳಿದ, ತನ್ನ ಯಂತ್ರವನ್ನು ಇನ್ನೊಬ್ಬ ಮುಟ್ಟುವುದು ಅವನಿಗೆ ಆಗುತ್ತಿರಲಿಲ್ಲ.

“ಬೇಡ ಬಿಡಿ ಪೆಕ್ ಅವ್ರೇ. ನಿಮಗೆ ನಿಮ್ಮದೇ ರಾಶಿ ಇದೆ. ಈ ವ್ಯವಹಾರ ಮೊದಲಿಂದ ಕೊನೆತನಕ ನಾನೇ ಮಾಡ್ಬೇಕು ಅಂತ ಯಜಮಾನರು ಹೇಳಿದಾರೆ.”

ಹೇಳಿದ್ದರಲ್ಲಿ ಸೊಕ್ಕಿರಲಿಲ್ಲ. ಸೊಕ್ಕಿದ್ದಿದ್ದರೆ ಎಲಾಮ್‌ಗೆ ಎಷ್ಟೋ ಹಗುರವಾಗುತ್ತಿತ್ತು. ನ್ಯೂಯಾರ್ಕಿನ ಮಂಡಿಯಲ್ಲಿ ಇಂಥ ಕೆಲಸಕ್ಕೆಲ್ಲ ಬೇರೆ ಆಳುಗಳಿದ್ದರು; ಲೇನ್ ಒತ್ತುಯಂತ್ರದ ತಿರುಪನ್ನು ಯಾವತ್ತೂ ಮುಟ್ಟಿದವನಲ್ಲ ಎಂಬುದು ಅವನು ಅದನ್ನು ಹಿಡಿದ ರೀತಿಯಲ್ಲೇ ಕಾಣುತ್ತಿತ್ತು. ಎಲಾಮ್ ತಲೆ ತಗ್ಗಿಸಿ ತನ್ನ ಬರಹಕ್ಕೆ ತಿರುಗಿದ.

ಎರಡು ದಿನ ಬಿಟ್ಟು ಕೊಡಲಿ ಕಾವುಗಳ ವಿಷಯ ಮಾತಾಡಲು ಎಲಾಮ್ ಬಡಗಿ ಹಾಡ್ಜ್‌ನ ಕೊಠಡಿಗೆ ಹೋದ. ಮರದ ಮಾದರಿಗಳನ್ನು ಮಾಡುವವನು ಹಾಡ್ಜ್. ಕುಲುಮೆಯವರೂ ಸಾಣೆಯವರೂ ಅವನ ಮಾದರಿಯನ್ನೇ ನೋಡಿ ಕೆಲಸ ಮಾಡುತ್ತಿದ್ದರು. ಅವನ ಮೇಜಿನ ಮೇಲೆ ಹಲಗೆಗೆ ಅಂಟಿಸಿದ ತೆಳು ಕಾಗದವಿತ್ತು. ಅದರ ಗೆರೆಗುಂಟ ಹಲಗೆಯನ್ನು ಅರ್ಧ ಕೊಯ್ದಾಗಿತ್ತು.

“ಬಾರಯ್ಯಾ ಪೆಕ್, ನೋಡು ಇಲ್ಲಿ,” ಎಂದ ಹಾಡ್ಜ್. “ಲೇನ್ ಖುದ್ದಾಗಿ ಬಂದು ಅಂಟಿಸಿಕೊಟ್ಟು ಹೋದ. ಎಷ್ಟು ನಿಚ್ಚಳವಾಗಿದೆ ಗೆರೆ! ನೀನು ಕಳಿಸೋ ನಕ್ಷೆ ಯಾವಾಗ್ಲೂ ಮಂಜಿನಲ್ಲಿ ಹಸು ನಿಂತ ಹಾಗಿರುತ್ತೆ. ಕಣ್ಣು ಕಿರಿದು ಮಾಡಿ ಮಾಡಿ ನನ್ನ ಕನ್ನಡಕ ಎರಡು ಸಲ ಬದಲಾಯ್ತು.”

ಎಲಾಮ್ ಬಗ್ಗಿ ನೋಡಿದ. ನಿಜ, ಗೆರೆ ನಿಚ್ಚಳವಾಗಿತ್ತು. ಮಸಿ ಮೇಲೆಯೇ ಮಿರುಗುತ್ತಿತ್ತು. ಅವನು ಬೆರಳ ತುದಿಯನ್ನು ನಾಲಗೆಗೆ ತಾಗಿಸಿ ಅಂಚಿನ ಒಂದು ಗೆರೆಯ ಮೇಲಿಟ್ಟ. ಬೆರಳಿಗೆ ಕಪ್ಪು ಹತ್ತಿತು.

ಮಸಿಯ ಮಗ್ಗುಲು ಮೇಲಿದೆ. ಲೇನ್‌ಗೆ ಯಾವ ಮಗ್ಗುಲು ಚೆನ್ನಾಗಿ ಕಂಡಿತೋ ಅದನ್ನೇ ಮೇಲಿಟ್ಟು ಅಂಟಿಸಿದ್ದ. ನಕ್ಷೆಯಲ್ಲಿ ಒಂದಕ್ಷರವೂ ಇಲ್ಲದ ಕಾರಣ ಅದಲು ಬದಲಾದದ್ದು ಕಣ್ಣಿಗೆ ಬೀಳುವಂತಿರಲಿಲ್ಲ. ಮಚ್ಚಿನ ಆಕಾರ ಹಾಗೇ ಇರುತ್ತದೆ, ಬಾಗು ಹಾಗೇ ಇರುತ್ತದೆ, ಕೊಕ್ಕೆಯೂ ಬೆನ್ನಿನಲ್ಲೇ. ಸಾಣೆ ಮಾತ್ರ ಇನ್ನೊಂದು ಮಗ್ಗುಲಿಗೆ ಬರುತ್ತದೆ. ಎಡಗೈಯವರ ಮಚ್ಚು.

ಹೇಳಲು ಬಾಯಿ ತೆರೆದ. ನಿಜಕ್ಕೂ ತೆರೆದ, ಆಮೇಲೆ ಇದನ್ನು ನೆನೆಸಿಕೊಂಡಾಗಲೆಲ್ಲ ಅವನು ಅದೊಂದನ್ನು ತನ್ನ ಪರವಾಗಿ ಹಿಡಿದುಕೊಳ್ಳುತ್ತಿದ್ದ.

“ಬುದ್ಧಿವಂತ ಹುಡುಗ ಕಣಯ್ಯ,” ಎಂದ ಹಾಡ್ಜ್ ಗರಗಸ ಎತ್ತಿಕೊಳ್ಳುತ್ತ. “ಯಜಮಾನರು ಅವನನ್ನ ಅಲ್ಲಿಗೆ ಕಳಿಸ್ತಾರಂತಲ್ಲ? ನಿನಗೂ ಒಳ್ಳೇದೇ. ಇಲ್ಲಿ ನಿನ್ನ ಮೇಜು ನಿನಗೆ ಉಳಿಯುತ್ತೆ.”

ಎಲಾಮ್ ಬೆರಳಿನ ಮಸಿಯನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಕೊಡಲಿ ಕಾವುಗಳ ಮಾತು ಮುಗಿಸಿ ಹೊರಗೆ ಬಂದ.

ಆ ದಿನವೆಲ್ಲ ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಬಂದಾಗ, ಲೇನ್ ಕೇಳಲಿ, ಕೇಳಿದರೆ ಹೇಳುತ್ತೇನೆ ಎಂದುಕೊಂಡ. ಲೇನ್ ಕೇಳಲಿಲ್ಲ. ಮಾದರಿ ಕುಲುಮೆಗೆ ಹೋಯಿತು. ನೀರಿನ ಚಕ್ರ ಎತ್ತಿ ಬಡಿಯುವ ದೊಡ್ಡ ಸುತ್ತಿಗೆಗಳ ಸದ್ದು ಕಚೇರಿಯ ನೆಲದೊಳಗಿಂದ ಪಾದಕ್ಕೆ ಏರುತ್ತಿತ್ತು. ಒಂದೊಂದು ಪೆಟ್ಟಿಗೂ ಒಂದೊಂದು ಮಚ್ಚು ಚಪ್ಪಟೆಯಾಗುತ್ತಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಈಗ ಹೇಳಿದರೆ ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಹೀಗೆ ಸುಮ್ಮನಿರುವುದಕ್ಕೆ ದಿನವೂ ಹೊಸ ಕಾರಣ ಸಿಗುತ್ತಿತ್ತು. ಅವೆಲ್ಲದರ ಕೆಳಗೆ ಇದ್ದ ಹಳೆಯ ಕಾರಣವನ್ನು ಅವನು ಎತ್ತಿ ನೋಡಲಿಲ್ಲ.

ಒಂದು ಮಧ್ಯಾಹ್ನ ಸಾಣೆಯ ಮನೆಯಿಂದ ಮೊದಲ ಮಚ್ಚನ್ನು ತಂದು ಟ್ರಾಸ್ಕ್ ಅವರ ಮೇಜಿನ ಮೇಲಿಟ್ಟರು. ಅವರು ಎತ್ತಿ ಬೀಸಿ ನೋಡಿದರು. ಅವರು ಕೊಡಲಿ ಕಸುಬಿನವರು, ಎರಡೂ ಮಗ್ಗುಲು ಸಾಣೆಯಿರುವ ಅಲಗಿನಲ್ಲಿ ಬೆಳೆದವರು. ಅವರಿಗೆ ಏನೂ ಗೊತ್ತಾಗಲಿಲ್ಲ.

“ಹೇಗಿದೆ ಪೆಕ್?” ಎಂದು ಅವನ ಕೈಗೂ ಕೊಟ್ಟರು.

“ಹೊಳಪು ಚೆನ್ನಾಗಿದೆ ಯಜಮಾನ್ರೇ,” ಎಂದ ಎಲಾಮ್. ಅದು ಸುಳ್ಳಾಗಿರಲಿಲ್ಲ.

ಅಕ್ಟೋಬರ್ ಕೊನೆಗೆ ಪೆಟ್ಟಿಗೆಗಳು ನ್ಯೂಯಾರ್ಕಿಗೆ ಹೋಗಿ, ಅಲ್ಲಿಂದ ಹಡಗೇರಿದವು. ಅವುಗಳ ಹಿಂದೆ ಹೋದ ರವಾನೆಯ ಕಾಗದವನ್ನು ಬರೆದವನು ಎಲಾಮ್. ಎಂದಿನಂತೆ ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಉತ್ತರ ಬಂದದ್ದು ಫೆಬ್ರವರಿಯಲ್ಲಿ, ನದಿಯ ಅಂಚೆಲ್ಲ ಹೆಪ್ಪುಗಟ್ಟಿದ್ದಾಗ. ಮುದ್ರೆ ನೋಡಿದ ತಕ್ಷಣ ಎಲಾಮ್ ಲೇಖನಿ ಕೆಳಗಿಟ್ಟ. ತನಗಾದದ್ದು ಭಯವೋ ಸಂತೋಷವೋ ಅವನಿಗೇ ತಿಳಿಯಲಿಲ್ಲ. ಟ್ರಾಸ್ಕ್ ಇಬ್ಬರನ್ನೂ ಒಳಗೆ ಕರೆದರು. ಲೇನ್ ನಿಂತುಕೊಂಡೇ ಅನುವಾದಿಸುತ್ತ ಓದಿದ.

“‘ತಮ್ಮ ಮಚ್ಚುಗಳು ನೋಡಲು ಬಹಳ ಅಂದವಾಗಿವೆ. ಆದರೆ ಬೀಸಿದರೆ ಅಲಗು ಕಬ್ಬನ್ನು ಬಿಟ್ಟು ನೆಲಕ್ಕೆ ಹಾರುತ್ತದೆ. ಆಳುಗಳು ಬೇಕೆಂದೇ ಮೈಗಳ್ಳತನ ಮಾಡುತ್ತಿದ್ದಾರೆಂದು ತಿಳಿದು ಮೇಲ್ವಿಚಾರಕನು ಇಬ್ಬರಿಗೆ...’” ಲೇನ್‌ನ ದನಿ ಇಳಿಯಿತು. “‘ಇಬ್ಬರಿಗೆ ಚಾವಟಿಯ ಶಿಕ್ಷೆ ಕೊಡಿಸಿದನು.’”

“ಮುಂದಕ್ಕೆ ಓದು,” ಎಂದರು ಟ್ರಾಸ್ಕ್.

“‘ಕೊನೆಗೆ ಎಡಚನೊಬ್ಬ ಇದೇ ಮಚ್ಚಿನಲ್ಲಿ ಸರಾಗವಾಗಿ ಕಡಿಯುವುದನ್ನು ಕಂಡು ಕಾರಣ ತಿಳಿಯಿತು. ಸ್ವಾಮಿ, ನಮ್ಮ ದ್ವೀಪದಲ್ಲೂ ಜನರಿಗೆ ಬಲಗೈ ಉಂಟು. ತಾವು ಕಳಿಸಿದ ನಕ್ಷೆ ಸರಿಯಾಗಿತ್ತು. ಕಳಿಸಿದ ಮಾಲು ಅದರ ಕನ್ನಡಿ.’”

ಲೇನ್ ಕಾಗದ ಮೇಜಿನ ಮೇಲಿಟ್ಟ. ಅವನ ಮುಖ ಬಿಳಿಚಿತ್ತು. ಬಹಳ ಹೊತ್ತೇನೂ ಯೋಚಿಸಲಿಲ್ಲ. “ತೆಳು ಕಾಗದ. ತಿರುಗಿಸಿ ಅಂಟಿಸ್ಬಿಟ್ಟೆ. ಗೆರೆ ಆ ಕಡೆ ಚೆನ್ನಾಗಿ ಕಾಣ್ತಿತ್ತು ಅಂತ. ಅಷ್ಟೂ ನನ್ನದೇ ತಪ್ಪು ಯಜಮಾನ್ರೇ. ಪೆಕ್ ಅವರು ಒತ್ತಿ ಕೊಡ್ತೀನಿ ಅಂದ್ರು, ನಾನೇ ಬೇಡ ಅಂದೆ. ಕೇಳೋಕೆ ನಾಚಿಕೆಯಾಯ್ತು. ನನ್ನ ಲೆಕ್ಕ ಮುಗಿಸಿ ಕಳಿಸಿಬಿಡಿ.”

ಇದೇ ಆ ಗಳಿಗೆ. ಐದು ತಿಂಗಳು ಎಲಾಮ್ ಇದಕ್ಕಾಗಿ ಕಾದಿದ್ದ. ಅವನು ನೆಲ ನೋಡುತ್ತ ನಿಂತ, ಮುಖದಲ್ಲಿ ಏನೂ ಕಾಣದ ಹಾಗೆ.

ಟ್ರಾಸ್ಕ್ ಕಿಟಕಿಯತ್ತ ಹೋಗಿ ಹಿಂದಕ್ಕೆ ಬಂದರು. “ಅವನ ಕಾಗದ ನೋಡಿದ್ಯಾ? ಬೈಯೋದರಲ್ಲೂ ತಮಾಷೆ ಇದೆ. ವ್ಯಾಪಾರ ಮುರಿಯೋನು ತಮಾಷೆ ಮಾಡೋಲ್ಲ. ಲೇನ್, ಸರಿಯಾದ ಮಚ್ಚು ತಯಾರು ಮಾಡಿಸು. ಹಳೇವಕ್ಕೆ ಮತ್ತೆ ಸಾಣೆ ಹಿಡಿಯೋಕೆ ಇಬ್ಬರನ್ನ ಜತೆಗೆ ಕರ್ಕೋ. ನೀನೇ ಹೋಗಿ ಅವನ ಮುಂದೆ ನಿಂತು, ಈಗ ನನಗೆ ಹೇಳಿದ್ದನ್ನೇ ಹೇಳು. ಹೋದೋನು ಅಲ್ಲೇ ಇರು. ನನ್ನ ಏಜೆಂಟ್ ನೀನೇ.”

“ಯಜಮಾನ್ರೇ...”

“ತಪ್ಪು ಒಪ್ಕೊಳ್ಳೋ ಏಜೆಂಟ್ ನನಗೆ ಇದುವರೆಗೂ ಸಿಕ್ಕಿರಲಿಲ್ಲ. ಪೆಕ್, ಬಾರೆರಾಗೆ ಇವನ ಪರಿಚಯ ಪತ್ರ ಬರಿ.”

ಎಲಾಮ್ ತನ್ನ ಮೇಜಿಗೆ ಬಂದು ಕೂತ. ಲೇನ್ ಗೆದ್ದಾಗ ಅವನದೇ ಸುದ್ದಿ. ಈಗ ಎಡವಿದಾಗಲೂ ಅವನದೇ ಸುದ್ದಿ. ಆ ತಪ್ಪಿನಲ್ಲಿ ತನಗೂ ಪಾಲಿತ್ತು, ಅರ್ಧಕ್ಕಿಂತ ಹೆಚ್ಚು. ಅದನ್ನೂ ಲೇನ್ ಒಬ್ಬನೇ ಎತ್ತಿಕೊಂಡು, ಅದರ ಮೇಲೆ ಹತ್ತಿ ನಿಂತು, ಹಡಗು ಏರುತ್ತಿದ್ದ. ಲೇನ್‌ನ ಮುಖದಲ್ಲಿ ಈಗ ಮೂಡಿರುವ ಆ ನೆಮ್ಮದಿಯನ್ನು ಒಡೆದು ಹಾಕಬೇಕೆಂಬ ಆಸೆ ಅವನಲ್ಲಿ ಹುಟ್ಟಿತು.

ಸಂಜೆ ಲೇನ್ ಕೋಟು ಹಾಕಿಕೊಳ್ಳುವಾಗ ಎಲಾಮ್ ಬಾಗಿಲಲ್ಲಿ ಅಡ್ಡ ನಿಂತ. “ನಾನು ನೋಡಿದ್ದೆ.”

“ಏನನ್ನ?”

“ಹಾಡ್ಜ್‌ನ ಮೇಜಿನ ಮೇಲೆ ನೀವು ಅಂಟಿಸಿದ್ದನ್ನ. ಬೆರಳಿಟ್ಟು ನೋಡ್ದೆ, ಮಸಿ ಹತ್ತಿತು. ತಿರುಗು ಮುರುಗಾಗಿದೆ ಅಂತ ಆಗಲೇ ಗೊತ್ತಾಯ್ತು. ಬೇಕೂಂತಲೇ ಸುಮ್ಮನಿದ್ದೆ.”

ಲೇನ್ ಅವನ ಮುಖವನ್ನೇ ನೋಡಿದ. ನೋಡುತ್ತ ನೋಡುತ್ತ ಅವನ ಕಣ್ಣು ತುಂಬಿಕೊಂಡಿತು.

“ಪೆಕ್ ಅವ್ರೇ, ನನ್ನ ಭಾರ ಇಳಿಸೋಕೆ ನೀವು ಇಂಥ ಮಾತು ಹೇಳ್ಬೇಕಾ? ನಾನು ಬಂದಾಗಿನಿಂದ ನಿಮ್ಮನ್ನ ಸರಿಯಾಗಿ ಮಾತಾಡಿಸಿದ್ದೂ ಇಲ್ಲ.”

“ಭಾರ ಇಳಿಸೋಕಲ್ಲ. ನಿಮ್ಮನ್ನ ಕಂಡರೆ ನನಗಾಗಲ್ಲ. ಅದಕ್ಕೇ.”

“ಆಗ್ಲಿ, ಹಾಗೇ ಇಟ್ಕೊಳ್ಳೋಣ,” ಎಂದ ಲೇನ್, ಅವನ ಎರಡೂ ಕೈ ಹಿಡಿದುಕೊಂಡು. “ನನ್ನ ಸ್ವಂತ ಅಣ್ಣನೂ ಇಷ್ಟು ಮಾಡ್ತಿರಲಿಲ್ಲ.”

ಮರುದಿನ ಬೆಳಿಗ್ಗೆ ಅದು ಟ್ರಾಸ್ಕ್ ಅವರ ಕಿವಿಗೂ ಬಿದ್ದಿತ್ತು. ಅವರು ಎಲಾಮ್‌ನ ಮೇಜಿನ ಹತ್ತಿರ ಬಂದು ಅವನ ಭುಜ ತಟ್ಟಿದರು.

“ಲೇನ್ ಎಲ್ಲ ಹೇಳ್ದ.”

“ನಿಜವಾಗಿಯೂ ನೋಡಿದ್ದೆ ಯಜಮಾನ್ರೇ.”

“ನೀನಾ?” ಟ್ರಾಸ್ಕ್ ನಕ್ಕರು. “ಹಡಗಿನ ಹೆಸರಲ್ಲಿ ಒಂದಕ್ಷರ ತಪ್ಪಿತು ಅಂತ ಹಿಮದಲ್ಲಿ ಅಂಚೆ ಬಂಡಿ ಹಿಂದೆ ಓಡಿದೋನು ನೀನು. ನಾನು ಕಿಟಕಿಯಿಂದ ನೋಡಿದೀನಿ. ಇಂಥ ಮನುಷ್ಯನನ್ನ ನಾನು ಈ ಕಚೇರಿ ಬಿಟ್ಟು ಎಲ್ಲಿಗೂ ಕಳಿಸೋಲ್ಲ, ತಿಳ್ಕೋ. ಪರಿಚಯ ಪತ್ರ ಆಯ್ತಾ?”

ಆಗಿತ್ತು. ‘ಇವರ ಪ್ರಾಮಾಣಿಕತೆಯಲ್ಲಿ ನಮಗೆ ಪೂರ್ಣ ವಿಶ್ವಾಸವಿದೆ’ ಎಂದು ಎಲಾಮ್ ಬರೆದಿದ್ದ. ಬೇರೆ ಬರೆಯಲು ಅವನಿಗೆ ಏನೂ ಸಿಕ್ಕಿರಲಿಲ್ಲ.

ಆ ಶನಿವಾರ ಸಂಜೆ ಕೆಜಾಯಾ ಎಂದಿನಂತೆ ಬೇಯಿಸಿದ ಹುರುಳಿಕಾಯಿ ಬೀಜದ ಮಡಕೆಯನ್ನು ಒಲೆಯಿಂದ ತೆಗೆದಳು. ಎಲಾಮ್ ಎಲ್ಲವನ್ನೂ ಹೇಳಿದ: ಹಲಗೆಯ ಮೇಲಿನ ಕಾಗದ, ಬೆರಳಿಗೆ ಹತ್ತಿದ ಮಸಿ, ಮಟಾನ್ಸಸ್‌ನ ಕಾಗದದ ಒಂದೊಂದು ಸಾಲು, ಲೇನ್ ಕೈ ಹಿಡಿದದ್ದು, ಯಜಮಾನರು ನಕ್ಕದ್ದು.

“ಯಾರೂ ನಂಬ್ತಿಲ್ಲ,” ಎಂದ ಕೊನೆಗೆ. “ಬಾಯಿಬಿಟ್ಟು ಹೇಳಿದ್ರೂ ನಂಬ್ತಿಲ್ಲ.”

“ನಾನು ನಂಬ್ತೀನಿ,” ಎಂದಳು ಕೆಜಾಯಾ.

ಅವಳು ಒಂದು ಕ್ಷಣವೂ ತಡೆದಿರಲಿಲ್ಲ. ಇಡೀ ವಾರ ಅವನು ಬಯಸಿದ್ದ ಮಾತು ಅದೇ ಆಗಿದ್ದರೂ ಕೇಳಿದಾಗ ಅವಳ ಮುಖದಿಂದ ಕಣ್ಣು ತಪ್ಪಿಸಿದ. ಕೆಜಾಯಾ ಅವನ ತಟ್ಟೆಗೆ ಬಡಿಸಿದಳು, ತನ್ನ ತಟ್ಟೆಗೂ ಬಡಿಸಿಕೊಂಡಳು. ಕೂತಳು. ಚಮಚ ಎತ್ತಲಿಲ್ಲ.

“ಆ ಇಬ್ಬರ ಹೆಸರು ಬರೆದಿದ್ರಾ?”

“ಯಾವ ಇಬ್ಬರು?” ಎಂದ ಎಲಾಮ್.

ಕೇಳಿ ಮುಗಿಸುವಷ್ಟರಲ್ಲಿ ಅವನಿಗೆ ತಿಳಿಯಿತು: ಚಾವಟಿ ತಿಂದ ಆ ಇಬ್ಬರು ಆಳುಗಳು. ಆದರೆ ಮಾತು ಆಗಲೇ ಬಾಯಿಂದ ಹೊರಬಿದ್ದಿತ್ತು. ಅಕ್ಕ ಅದನ್ನು ಕೇಳಿಸಿಕೊಂಡಿದ್ದಳು. ಅವಳು ಬೈಯಲಿಲ್ಲ. ತನ್ನ ತಟ್ಟೆಯನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು, ಅಲ್ಲಿ ನಿಂತುಕೊಂಡೇ ಉಂಡಳು. ನಡುವಿನ ಬಾಗಿಲು ತೆರೆದೇ ಇತ್ತು. ಎಲಾಮ್ ಕೂತಲ್ಲಿಂದಲೇ ಅವಳ ಬೆನ್ನು ನೋಡುತ್ತಿದ್ದ. ಎದ್ದು ಹೋಗಿ ‘ಬರೆದಿರಲಿಲ್ಲ’ ಎಂದು ಉತ್ತರ ಕೊಡಲು ಅವನಿಗೆ ಆಗಲಿಲ್ಲ.